ಎಡ್ಜ್ ಕಂಪ್ಯೂಟಿಂಗ್ ಬಿಲ್ಲಿಂಗ್ ಕ್ಲೇಮಿಗೆ 3(ಕೆ) ಆಕ್ಷೇಪ: ಎಫ್‌ಇಆರ್‌ಗೆ ಉತ್ತರ ಹೇಗೆ ಕಟ್ಟಬೇಕು?

ಕರಡು_ಕ್ಲೇಮ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚೀನಾ ಮೂಲದ ಒಂದು ಪಿಸಿಟಿ (ಅಂತರರಾಷ್ಟ್ರೀಯ ಪೇಟೆಂಟ್) ಅರ್ಜಿ ರಾಷ್ಟ್ರೀಯ ಹಂತದಲ್ಲಿ ಚೆನ್ನೈ ಪೇಟೆಂಟ್ ಕಚೇರಿಯಲ್ಲಿದೆ. ಸರ್ವಿಸ್ ವಿಳಾಸ ಬೆಂಗಳೂರಿನದು. ಎಫ್‌ಇಆರ್ (ಮೊದಲ ಪರೀಕ್ಷಾ ವರದಿ) ಬಂದು ಎರಡು ತಿಂಗಳಾಯಿತು. ಶೀರ್ಷಿಕೆ “ಮೊಬೈಲ್ ಎಡ್ಜ್ ಕಂಪ್ಯೂಟಿಂಗ್‌ಗೆ ಬಿಲ್ಲಿಂಗ್ ವಿಧಾನ ಮತ್ತು ಸಾಧನ”. ಕ್ಲೇಮ್ (ಹಕ್ಕು ಕೇಳುವ ವಾಕ್ಯ) 1ರ ಸಾರ ಇಷ್ಟು: ಎಡ್ಜ್ ಸರ್ವರ್ (ಬಳಕೆದಾರನಿಗೆ ಹತ್ತಿರ, ಜಾಲದ ಅಂಚಿನಲ್ಲಿರುವ ಸರ್ವರ್) ಬಳಕೆದಾರನ ಸೇವಾ ಬಳಕೆಯ ಮಾಹಿತಿಯನ್ನು ಸಂಗ್ರಹಿಸುತ್ತದೆ, ಅದನ್ನು ಬಿಲ್ಲಿಂಗ್ ಕೇಂದ್ರಕ್ಕೆ ಕಳಿಸುತ್ತದೆ, ಬಿಲ್ಲಿಂಗ್ ಕೇಂದ್ರ ದರಪಟ್ಟಿಯ ಪ್ರಕಾರ ಶುಲ್ಕ ಲೆಕ್ಕ ಹಾಕುತ್ತದೆ. 1ರಿಂದ 8 ವಿಧಾನ, 9ರಿಂದ 14 ಸಾಧನ (“ಸಂಗ್ರಹ ಮಾಡ್ಯೂಲ್”, “ಕಳಿಸುವ ಮಾಡ್ಯೂಲ್” ಇತ್ಯಾದಿ), 15 ಸ್ಟೋರೇಜ್ ಮೀಡಿಯಂ.

ಆಕ್ಷೇಪಗಳು: ಪೇಟೆಂಟ್ ಕಾಯ್ದೆಯ ಕಲಂ 3(ಕೆ) ಅಡಿ ಬಿಸಿನೆಸ್ ಮೆಥಡ್ ಮತ್ತು ಅಲ್ಗಾರಿದಮ್, ಡಿ1 (ಎದುರಿಗಿಟ್ಟ ಮೊದಲ ಹಳೆಯ ದಾಖಲೆ) ಆಗಿ ಮೊಬೈಲ್ ಮಾನಕ ಸಂಸ್ಥೆ 3ಜಿಪಿಪಿಯ ಟಿಎಸ್ (ತಾಂತ್ರಿಕ ಮಾನಕ) 32.255, ಡಿ2 ಆಗಿ ಕ್ಲೌಡ್ ಬಳಕೆ ಅಳೆಯುವ ಒಂದು ಅಮೆರಿಕನ್ ಪ್ರಕಟಣೆ, ಎರಡೂ ಸೇರಿದರೆ ಇನ್ವೆಂಟಿವ್ ಸ್ಟೆಪ್ (ತಜ್ಞನಿಗೆ ಸಹಜವಾಗಿ ಹೊಳೆಯದ ಹೆಜ್ಜೆ) ಇಲ್ಲ. ಮಾಡ್ಯೂಲ್‌ಗಳಿಗೆ ರಚನೆ ಕಾಣುತ್ತಿಲ್ಲ.

ಸ್ಪೆಸಿಫಿಕೇಷನ್ನಿನಲ್ಲಿ (ಅರ್ಜಿಯ ವಿವರಣೆಯಲ್ಲಿ) ಕ್ಲೇಮಿಗಿಂತ ಹೆಚ್ಚಿನ ಸರಕಿದೆ. ಎಡ್ಜ್‌ನಲ್ಲೇ ಕೋಟಾ (ಮುಂಗಡವಾಗಿ ಕೊಟ್ಟ ಬಳಕೆಯ ಮಿತಿ) ಇಟ್ಟುಕೊಳ್ಳುವುದು, ಒಬ್ಬ ಚಂದಾದಾರನ ಸೆಷನ್ ಎಷ್ಟು ಸಿಪಿಯು ಬಳಸಿತು ಎಂದು ಅಳೆಯುವುದು, ಬಳಕೆದಾರ ಒಂದು ಎಡ್ಜ್ ತಾಣದಿಂದ ಇನ್ನೊಂದಕ್ಕೆ ಸರಿದಾಗ ಲೆಕ್ಕ ಎರಡು ಸಲ ಬೀಳದಂತೆ ನೋಡುವುದು, ಎಲ್ಲವೂ ವಿವರವಾಗಿದೆ. ಕ್ಲೇಮಿನಿಂದ “ಬಿಲ್ಲಿಂಗ್”, “ಶುಲ್ಕ” ಎಂಬ ಮಾತುಗಳನ್ನೆಲ್ಲ ತೆಗೆದು ಇವನ್ನು ಸೇರಿಸಿದರೆ ಸಾಕೇ? ಕಂಟ್ರೋಲರ್ (ಅರ್ಜಿ ತೀರ್ಮಾನಿಸುವ ಪೇಟೆಂಟ್ ಅಧಿಕಾರಿ) ಮುಂದೆ ನಿಲ್ಲುವ ವಾದ ಯಾವುದು?

ಕಲಂ_ಓದುಗ

3(ಕೆ) ಉತ್ತರ ಬರೆಯುವಾಗ ತುಂಬಾ ಜನ ಒಂದೇ ಬಾಗಿಲಿದೆ ಎಂದುಕೊಂಡು ತಟ್ಟುತ್ತಾರೆ. ಅಲ್ಲಿರುವುದು ಎರಡು ಬಾಗಿಲು. ಕಲಂ ಹೊರಗಿಡುವುದು ಗಣಿತ ಅಥವಾ ಬಿಸಿನೆಸ್ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ “ಪರ್ ಸೆ” (ಬರೀ ಪ್ರೋಗ್ರಾಂ ಆಗಿ), ಅಲ್ಗಾರಿದಮ್. “ಪರ್ ಸೆ” ಎಂಬ ಮಾತು ಅಂಟಿಕೊಂಡಿರುವುದು ಪ್ರೋಗ್ರಾಮಿಗೆ ಮಾತ್ರ. 2019ರ ಫೆರಿಡ್ ಅಲ್ಲಾನಿ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ತಾಂತ್ರಿಕ ಪರಿಣಾಮ ಇದ್ದರೆ ಪ್ರೋಗ್ರಾಂ ಎಂಬ ಕಾರಣಕ್ಕೇ ತಳ್ಳಿಹಾಕುವಂತಿಲ್ಲ ಎಂದಿತು. ಅದನ್ನೇ ಹಿಡಿದು ಬಿಸಿನೆಸ್ ಮೆಥಡ್ ಆಕ್ಷೇಪಕ್ಕೂ ಉತ್ತರ ಕೊಟ್ಟರೆ, 2023ರ ಓಪನ್‌ಟಿವಿ ತೀರ್ಪು ಎದುರು ನಿಲ್ಲುತ್ತದೆ. ಬಿಸಿನೆಸ್ ಮೆಥಡ್‌ಗೆ ಇರುವ ನಿಷೇಧ ಪೂರ್ಣ, ಅದಕ್ಕೆ “ಪರ್ ಸೆ” ರಿಯಾಯಿತಿ ಇಲ್ಲ ಎಂದು ಅದೇ ಕೋರ್ಟ್ ಹೇಳಿದೆ.

ಹಾಗಾಗಿ ಮೊದಲು ಇದು ಬಿಸಿನೆಸ್ ಮೆಥಡ್ ಅಲ್ಲ ಎಂದು ತೋರಿಸಿ, ಆಮೇಲೆ ತಾಂತ್ರಿಕ ಪರಿಣಾಮಕ್ಕೆ ಬನ್ನಿ. ಕ್ರಮ ತಪ್ಪಬಾರದು. ಚೆನ್ನೈ ಕಚೇರಿಯ ಆದೇಶದ ಮೇಲ್ಮನವಿ ಕಲಂ 117ಎ ಅಡಿ ಮದ್ರಾಸ್ ಹೈಕೋರ್ಟಿಗೆ ಹೋಗುವುದರಿಂದ ಆ ಕೋರ್ಟಿನ 2023ರ ಪ್ರಿಯಾ ರ‍್ಯಾಂಡಾಲ್ಫ್ ತೀರ್ಪನ್ನು ತಪ್ಪದೆ ಓದಿ. ವ್ಯವಹಾರದಲ್ಲಿ ಬಳಕೆಯಾಗುತ್ತದೆ ಎಂದ ಮಾತ್ರಕ್ಕೆ ಬಿಸಿನೆಸ್ ಮೆಥಡ್ ಆಗುವುದಿಲ್ಲ, ಹಾರ್ಡ್‌ವೇರ್ ಮತ್ತು ಸಾಫ್ಟ್‌ವೇರ್ ಸೇರಿ ಬಿಡಿಸುವ ತೊಡಕು ಏನೆಂದು ನೋಡಬೇಕು ಎಂಬ ದಿಕ್ಕು ಅದರಲ್ಲಿದೆ. ನಿಮ್ಮ ವಾದಕ್ಕೆ ಹತ್ತಿರದ್ದು ಅದೇ.

ಕೆಲಸಕ್ಕೆ ಕೂರುವಾಗ ಕ್ಲೇಮಿನ ಪ್ರತಿ ಹೆಜ್ಜೆಯ ಮುಂದೆ ಟಿಎಸ್ 32.240 ಹೇಳುವ ಚಾರ್ಜಿಂಗ್ ಕಟ್ಟಡದ ಯಾವ ಕೋಣೆಗೆ ಅದು ಸೇರಿದ್ದು ಎಂದು ಬರೆದುಕೊಳ್ಳಿ. ಅಳೆಯುವುದು, ಎಣಿಸುವುದು, ಟ್ರಿಗರ್ ಹೊಡೆಯುವುದು ಸಿಟಿಎಫ್ (ಚಾರ್ಜಿಂಗ್ ಟ್ರಿಗರ್ ಫಂಕ್ಷನ್) ಕೆಲಸ. ದರ ಹಚ್ಚುವುದು ರೇಟಿಂಗ್ ಫಂಕ್ಷನ್. ಬಾಕಿ ನೋಡುವುದು ಅಕೌಂಟ್ ಬ್ಯಾಲೆನ್ಸ್ ಫಂಕ್ಷನ್. ಬಿಲ್ ತಯಾರಾಗುವುದು ಬಿಲ್ಲಿಂಗ್ ಡೊಮೈನ್‌ನಲ್ಲಿ. 5ಜಿಯಲ್ಲಿ ನಡುವಿನವೆಲ್ಲ ಸಿಎಚ್‌ಎಫ್ (ಚಾರ್ಜಿಂಗ್ ಫಂಕ್ಷನ್) ಒಳಗೆ ಸೇರಿಕೊಂಡಿವೆ, ಆದರೆ ಗೆರೆ ಹಾಗೇ ಇದೆ. ನಿಮ್ಮ ಹೊಸತನ ರೇಟಿಂಗ್ ಅಥವಾ ಬಿಲ್ಲಿಂಗ್ ಡೊಮೈನ್ ಸಾಲಿನಲ್ಲಿ ಬಿದ್ದರೆ ಅರ್ಜಿ ಉಳಿಯುವುದು ಕಷ್ಟ. ಸಿಟಿಎಫ್, ಯುಪಿಎಫ್ (ಡೇಟಾ ಪ್ಯಾಕೆಟ್ ಸಾಗಿಸುವ ಘಟಕ), ಎಸ್‌ಎಂಎಫ್ (ಸೆಷನ್ ನಿರ್ವಹಿಸುವ ಘಟಕ) ಸಾಲಿನಲ್ಲಿ ಬಿದ್ದರೆ ಅದು ಜಾಲದ ಎಂಜಿನಿಯರಿಂಗ್, ಹಣಕಾಸು ಅಲ್ಲ. ನೀವು ಕೊಟ್ಟಿರುವ ಕ್ಲೇಮ್ 1ರಲ್ಲಿ ತೂಕವಿರುವ ಒಂದೇ ಕ್ರಿಯೆ “ದರಪಟ್ಟಿಯ ಪ್ರಕಾರ ಲೆಕ್ಕ”. ಆಕ್ಷೇಪ ಬಂದದ್ದು ಸಹಜ.

ಹೊಸ ಹಾರ್ಡ್‌ವೇರ್ ಇಲ್ಲ ಎಂದು ಎಕ್ಸಾಮಿನರ್ ಬರೆದಿದ್ದರೆ ಅದಕ್ಕೆ ಅಂಜಬೇಡಿ. 2016ರ ಸಿಆರ್‌ಐ (ಕಂಪ್ಯೂಟರ್ ಸಂಬಂಧಿ ಆವಿಷ್ಕಾರ) ಮಾರ್ಗಸೂಚಿಯಲ್ಲಿದ್ದ ಆ ಷರತ್ತು 2017ರದರಲ್ಲಿ ಹೋಯಿತು. 2023ರ ರೇಥಿಯನ್ ತೀರ್ಪು ಅದನ್ನು ಮತ್ತೆ ಗಟ್ಟಿ ಮಾಡಿದೆ. ಉತ್ತರದಲ್ಲಿ ಉಲ್ಲೇಖಿಸಬೇಕಾದದ್ದು 2025ರ ಪರಿಷ್ಕೃತ ಮಾರ್ಗಸೂಚಿ.

ಕೋರ್‌ನೆಟ್

ಜಾಲದ ಕಡೆಯಿಂದ ನೋಡೋಣ. ಡಿ1 ನಿಮಗೆ ನಿಜವಾದ ತಲೆನೋವಲ್ಲ. ಎಕ್ಸಾಮಿನರ್ ಇನ್ನೂ ಮುಟ್ಟದ ಟಿಎಸ್ 32.257 ಇದೆ, ರಿಲೀಸ್ 17ರ ಎಡ್ಜ್ ಕಂಪ್ಯೂಟಿಂಗ್ ಚಾರ್ಜಿಂಗ್ ದಾಖಲೆ. ಅದಕ್ಕೂ ಹಿಂದಿನ ಅಧ್ಯಯನ ಟಿಆರ್ 28.815. ನಿಮ್ಮ ಪ್ರಯಾರಿಟಿ ದಿನಾಂಕ (ಮೊದಲ ಅರ್ಜಿ ಹಾಕಿದ ದಿನ) ಇವೆರಡಕ್ಕೆ ಹಿಂದೆಯೋ ಮುಂದೆಯೋ ಎಂದು ಇವತ್ತೇ ನೋಡಿ. ದಾಖಲೆಯ ಆವೃತ್ತಿ ದಿನಾಂಕ ಮಾತ್ರ ಸಾಲದು. 3ಜಿಪಿಪಿಯಲ್ಲಿ ಚಾರ್ಜಿಂಗ್ ನೋಡುವ ಎಸ್‌ಎ5 ಗುಂಪಿನ ಸಭೆಗಳಿಗೆ ಕಂಪನಿಗಳು ಕೊಟ್ಟ “ಎಸ್5-” ಕ್ರಮಾಂಕದ ಕಡತಗಳು ತಿಂಗಳುಗಟ್ಟಲೆ ಮೊದಲೇ ಸಾರ್ವಜನಿಕ ಸರ್ವರಿಗೆ ಬಂದಿರುತ್ತವೆ. ಹಿಯರಿಂಗ್ ನೋಟಿಸಿನಲ್ಲಿ ಹೊಸ ಡಿ3 ಆಗಿ ಬರುವುದು ಹೆಚ್ಚಾಗಿ ಇಂಥವೇ.

ಈಗ ಪ್ರತಿ ಅಂಶ ತೂಗೋಣ. “ಎಡ್ಜ್‌ನಲ್ಲಿ ಬೇರೆಯಾಗಿ ಅಳೆಯುತ್ತೇವೆ” ಎನ್ನುವುದು ನಿಲ್ಲುವುದಿಲ್ಲ. ಯುಪಿಎಫ್ ಎಡ್ಜ್‌ನಲ್ಲಿದ್ದು ಎನ್4 (ಯುಪಿಎಫ್-ಎಸ್‌ಎಂಎಫ್ ನಡುವಿನ ಸಂಪರ್ಕ) ಮೇಲೆ ಯುಆರ್‌ಆರ್ (ಬಳಕೆ ವರದಿಯ ನಿಯಮ) ಪ್ರಕಾರ ಎಸ್‌ಎಂಎಫ್‌ಗೆ ವರದಿ ಕೊಡುವುದು, ಎಸ್‌ಎಂಎಫ್ ಯುಪಿಎಫ್ ಗುರುತಿನ ಸಮೇತ ಸಿಎಚ್‌ಎಫ್‌ಗೆ ದಾಟಿಸುವುದು ಮಾನಕದಲ್ಲೇ ಇದೆ. “ಕೋಟಾ ಮುಗಿಯುವ ಮೊದಲೇ ಮುಂದಿನದನ್ನು ಕೇಳುತ್ತೇವೆ” ಎನ್ನುವುದೂ ಹೊಸದಲ್ಲ. ಟಿಎಸ್ 32.290, 32.291ರಲ್ಲಿ ವಾಲ್ಯೂಮ್ ಕೋಟಾ ಥ್ರೆಶೋಲ್ಡ್ ಇರುವುದೇ ಅದಕ್ಕೆ.

ನಿಮ್ಮ ಗಟ್ಟಿ ನೆಲ ಚಂದಾದಾರನ ಸೆಷನ್ ಮಟ್ಟದ ಸಿಪಿಯು ಅಳತೆ. ಟಿಎಸ್ 32.257ರಲ್ಲಿ ಮೂಲಸೌಕರ್ಯ ಬಳಕೆಯ ಲೆಕ್ಕಕ್ಕೆ ಬರುವುದು ವರ್ಚುವಲ್ ಸಿಪಿಯು, ಮೆಮೊರಿ, ಡಿಸ್ಕ್‌ಗಳ ಸರಾಸರಿ ಬಳಕೆ. ಅದು ಒಂದು ಎಡ್ಜ್ ಅಪ್ಲಿಕೇಷನ್ ಸರ್ವರಿನ ಒಟ್ಟು ಅಳತೆ. ಹಣ ಕೊಡುವವನು ಅಪ್ಲಿಕೇಷನ್ ಒದಗಿಸುವ ಸಂಸ್ಥೆ, ಫೋನ್ ಹಿಡಿದವನಲ್ಲ. ಒಂದೇ ಸರ್ವರ್ ಪ್ರಕ್ರಿಯೆಯೊಳಗೆ ನೂರು ಜನರ ವೀಡಿಯೊ ವಿಶ್ಲೇಷಣೆ ನಡೆಯುವಾಗ ಯಾರದು ಎಷ್ಟು ಎಂದು ಅದು ಹೇಳುವುದಿಲ್ಲ. ಅದನ್ನು ಬಿಡಿಸುವುದು ನಿಜಕ್ಕೂ ಕಷ್ಟ. ಅಪ್ಲಿಕೇಷನ್‌ಗೆ ಕಾಣುವುದು ಐಪಿ ವಿಳಾಸ ಮತ್ತು ಪೋರ್ಟ್. ಸುಪಿ (ಚಂದಾದಾರನ ಕಾಯಂ ಗುರುತು) ಕಾಣುವುದಿಲ್ಲ, ಕಾಣಲೂಬಾರದು. ನಡುವೆ ನ್ಯಾಟ್ (ಐಪಿ ವಿಳಾಸ ಬದಲಿಸುವ ವ್ಯವಸ್ಥೆ) ಇದ್ದರೆ ಒಂದೇ ವಿಳಾಸದ ಹಿಂದೆ ಹಲವರು. ಎಸ್‌ಎಂಎಫ್ ಬಳಿ ಪಿಡಿಯು ಸೆಷನ್‌ನ (ಫೋನಿನ ಡೇಟಾ ಸಂಪರ್ಕದ) ಚಾರ್ಜಿಂಗ್ ಐಡಿ ಇದೆ, ಆದರೆ ಸಿಪಿಯು ಲೆಕ್ಕ ಇಲ್ಲ. ಎರಡನ್ನೂ ಯಾವ ಕೀಲಿಯಿಂದ, ಎಲ್ಲಿ, ಯಾವ ಕ್ಷಣದಲ್ಲಿ ಜೋಡಿಸುತ್ತೀರಿ ಎಂಬುದು ಕ್ಲೇಮಿನ ಹೊಟ್ಟೆಯಾಗಬೇಕು.

ಎರಡನೆಯ ನೆಲ ತಾಣ ಬದಲಾವಣೆ. ಟಿಎಸ್ 23.558ರ ಪ್ರಕಾರ ಅಪ್ಲಿಕೇಷನ್ ಸಂದರ್ಭ ಹಳೆಯ ಸರ್ವರಿನಿಂದ ಹೊಸದಕ್ಕೆ ಹೋಗುವಾಗ ಸ್ವಲ್ಪ ಹೊತ್ತು ಎರಡೂ ಕಡೆ ಕೆಲಸ ನಡೆಯುತ್ತದೆ. ಹಳೆಯದು ಕೊನೆಯ ವರದಿ ಕೊಡುವ ಮೊದಲೇ ಹೊಸದು ಶುರುವಾದರೆ ಲೆಕ್ಕ ಎರಡು ಸಲ, ಹಳೆಯದು ಮೊದಲೇ ಮುಚ್ಚಿದರೆ ಕಂದಕ. ಸ್ಪೆಸಿಫಿಕೇಷನ್ನಿನಲ್ಲಿ ಕ್ರಮಸಂಖ್ಯೆ ಅಥವಾ ಸಮಯದ ಗುರುತು (ಟೈಮ್‌ಸ್ಟ್ಯಾಂಪ್) ದಾಟಿಸುವ ಹೆಜ್ಜೆ ಇದ್ದರೆ ಅದನ್ನು ಹೊರತೆಗೆಯಿರಿ.

ತಾಂತ್ರಿಕ ಪರಿಣಾಮಕ್ಕೆ ಅಂಕಿ ಕೊಡಿ, “ದಕ್ಷತೆ ಹೆಚ್ಚುತ್ತದೆ” ಎಂದು ಬಿಡಬೇಡಿ. ಲೆಕ್ಕ ಹೀಗಿರಲಿ: ಒಂದು ತಾಣದಲ್ಲಿ 1,000 ಸೆಷನ್, ಪ್ರತಿ 30 ಸೆಕೆಂಡಿಗೊಂದು ಅಪ್‌ಡೇಟ್ ಎಂದರೆ ಸೆಕೆಂಡಿಗೆ ಸುಮಾರು 33 ಸಂದೇಶ. 200 ತಾಣಕ್ಕೆ ಸುಮಾರು 6,700. ಎಡ್ಜ್‌ನಲ್ಲೇ ಕೋಟಾ ಹಂಚಿ ಐದು ನಿಮಿಷಕ್ಕೊಮ್ಮೆ ಒಟ್ಟುಗೂಡಿಸಿ ತಾಣಕ್ಕೊಂದೇ ಸಂದೇಶ ಕಳಿಸಿದರೆ ಸಿಎಚ್‌ಎಫ್‌ಗೆ ಬರುವುದು ಸೆಕೆಂಡಿಗೆ ಒಂದಕ್ಕಿಂತ ಕಡಿಮೆ. ವಿಳಂಬಕ್ಕೂ ಹೀಗೇ: ಎಡ್ಜ್ ಹುಬ್ಬಳ್ಳಿಯಲ್ಲಿ, ಕೋರ್ ಬೆಂಗಳೂರಿನಲ್ಲಿ ಇದ್ದರೆ ಸುಮಾರು 400 ಕಿಲೋಮೀಟರ್. ಫೈಬರಿನಲ್ಲಿ ಕಿಲೋಮೀಟರಿಗೆ 5 ಮೈಕ್ರೊಸೆಕೆಂಡ್, ಹೋಗಿ ಬರಲು 4 ಮಿಲಿಸೆಕೆಂಡ್ ಬರೀ ಗಾಜಿನಲ್ಲೇ ಹೋಯಿತು, ಸರ್ವರಿನ ಸರದಿ ಬೇರೆ. 10 ಮಿಲಿಸೆಕೆಂಡಿನ ಸೇವೆಗೆ ಅದು ಸಣ್ಣದಲ್ಲ. 100 ಎಂಬಿಪಿಎಸ್ ಹರಿವಿನಲ್ಲಿ 10 ಎಂಬಿ ಕೋಟಾ ಮುಗಿಯಲು 0.8 ಸೆಕೆಂಡ್ ಸಾಕು. ಹೊಸ ಕೋಟಾ ಬರುವವರೆಗೆ ಪ್ಯಾಕೆಟ್ ತಡೆಹಿಡಿಯಬೇಕು ಅಥವಾ ಬಿಸಾಡಬೇಕು. ಅದೇ ನಿಮ್ಮ ತಾಂತ್ರಿಕ ತೊಡಕು. ಒಂದು ಎಚ್ಚರಿಕೆ: ಇಂಥ ಲೆಕ್ಕ ಸ್ಪೆಸಿಫಿಕೇಷನ್ನಿನ ವಿವರಣೆಯಿಂದ ನೇರವಾಗಿ ಹುಟ್ಟುವಂತಿರಬೇಕು. ಅಲ್ಲಿಲ್ಲದ ಲಾಭವನ್ನು ಉತ್ತರದಲ್ಲಿ ಮೊದಲ ಸಲ ಹೇಳಿದರೆ ಕಂಟ್ರೋಲರ್ ಒಪ್ಪಬೇಕಾಗಿಲ್ಲ.

ಕಲಂ_59

ಇಬ್ಬರೂ ಒಳ್ಳೆಯ ದಾರಿ ತೋರಿಸಿದ್ದಾರೆ. ಆದರೆ ಪ್ರಶ್ನೆಯಲ್ಲೇ ಒಂದು ಗುಂಡಿ ಇದೆ. “ಶುಲ್ಕದ ಮಾತನ್ನೆಲ್ಲ ತೆಗೆದು ಬೇರೆಯದನ್ನು ಸೇರಿಸಿದರೆ ಸಾಕೇ” ಎಂದಿರಿ. ಸಾಲದು, ಕೆಡುತ್ತದೆ.

ಕಲಂ 59(1) ಪ್ರಕಾರ ತಿದ್ದಿದ ಕ್ಲೇಮ್ ಹಳೆಯ ಕ್ಲೇಮಿನ ವ್ಯಾಪ್ತಿಯೊಳಗೇ ಪೂರ್ತಿ ಬೀಳಬೇಕು. ಶುಲ್ಕ ಲೆಕ್ಕದ ಹೆಜ್ಜೆಯನ್ನು ಅಳಿಸಿದರೆ, ಆ ಹೆಜ್ಜೆ ಇಲ್ಲದ ವ್ಯವಸ್ಥೆಗಳೂ ಕ್ಲೇಮಿನೊಳಗೆ ಬಂದವು, ಅಂದರೆ ವ್ಯಾಪ್ತಿ ಹಿಗ್ಗಿತು. ಎಷ್ಟೇ ತಾಂತ್ರಿಕ ಹೆಜ್ಜೆ ಸೇರಿಸಿದರೂ ಅಳಿಸಿದ್ದು ಅಳಿಸಿದ್ದೇ. 3(ಕೆ) ದಾಟಿದ ಅರ್ಜಿ 59ರಲ್ಲಿ ಬೀಳುವುದು ಹೀಗೆ. 2022ರ ನಿಪ್ಪಾನ್ ಎ ಅಂಡ್ ಎಲ್ ತೀರ್ಪು ಅನುದಾನಕ್ಕೆ ಮುಂಚಿನ ತಿದ್ದುಪಡಿಗಳನ್ನು ಉದಾರವಾಗಿ ನೋಡಬೇಕು ಎಂದಿದೆ ನಿಜ, ಆದರೆ ಅದು ದೆಹಲಿಯದು, ಮತ್ತು ಅಲ್ಲಿ ವ್ಯಾಪ್ತಿ ಕುಗ್ಗಿತ್ತು. ಅದನ್ನು ಊರುಗೋಲಾಗಿ ಇಟ್ಟುಕೊಳ್ಳಿ, ಕಾಲಾಗಿ ಅಲ್ಲ.

ಮಾಡಬೇಕಾದದ್ದು ಇದು. ಶುಲ್ಕದ ಹೆಜ್ಜೆಯನ್ನು ಕೊನೆಗೆ ತಳ್ಳಿ, ಒಂದೇ ಸಾಲಿಗೆ ಇಳಿಸಿ: “ಸದರಿ ವರದಿಯನ್ನು ಪಡೆದ ಚಾರ್ಜಿಂಗ್ ಫಂಕ್ಷನ್ ಅದರ ಆಧಾರದ ಮೇಲೆ ದರಪಟ್ಟಿಯಂತೆ ಶುಲ್ಕ ನಿರ್ಧರಿಸುವುದು”. ಅದಕ್ಕೆ ಮುಂಚೆ ಎಲ್ಲ ತಾಂತ್ರಿಕ ಹೆಜ್ಜೆ ಬರಲಿ. ಆಮೇಲೆ ಉತ್ತರದಲ್ಲಿ, ಕೊಡುಗೆ ಇರುವುದು ಅಳತೆ ಮತ್ತು ಜೋಡಣೆಯಲ್ಲಿ, ಶುಲ್ಕದ ಸಾಲು ಅದರ ಫಲಿತಾಂಶವನ್ನು ಉಪಯೋಗಿಸುವ ಜಾಗ ಮಾತ್ರ, ಕ್ಲೇಮನ್ನು ಇಡಿಯಾಗಿ ಓದಬೇಕು ಎಂದು ವಾದಿಸಿ. “ಬಿಲ್ಲಿಂಗ್ ಕೇಂದ್ರ” ಎಂಬುದನ್ನು “ಚಾರ್ಜಿಂಗ್ ಫಂಕ್ಷನ್” ಮಾಡುವ ಮೊದಲು ಸ್ಪೆಸಿಫಿಕೇಷನ್ ಎರಡನ್ನೂ ಒಂದೇ ಎಂದು ಹೇಳಿದೆಯೇ ನೋಡಿ.

ಕ್ಲೇಮ್ 15 ಬಿಟ್ಟುಬಿಡಿ. ಸ್ಟೋರೇಜ್ ಮೀಡಿಯಂ ಕ್ಲೇಮ್ ಇಲ್ಲಿ ಪ್ರೋಗ್ರಾಂ ಎಂದೇ ಓದಿಸಿಕೊಳ್ಳುತ್ತದೆ, ಅದಕ್ಕಾಗಿ ಹಿಯರಿಂಗಿನ ಹೊತ್ತು ಕಳೆಯುವುದು ನಷ್ಟ. 9ರಿಂದ 14ರ ಮಾಡ್ಯೂಲ್‌ಗಳಿಗೆ ಸ್ಪೆಸಿಫಿಕೇಷನ್ನಿನಲ್ಲಿ ಪ್ರೊಸೆಸರ್, ಮೆಮೊರಿ, ಎನ್4 ಇಂಟರ್‌ಫೇಸ್ ತೋರಿಸುವ ಚಿತ್ರ ಇದ್ದರೆ ರೆಫರೆನ್ಸ್ ಸಂಖ್ಯೆ ಸಮೇತ ಕಟ್ಟಿ. ಇಲ್ಲದಿದ್ದರೆ ಸಾಧನದ ಕ್ಲೇಮೂ ಹೋಗುತ್ತದೆ. ತಾಣ ಬದಲಾವಣೆಯ ಭಾಗ ಕ್ಲೇಮ್ 1ಕ್ಕೆ ಹೊಂದದಿದ್ದರೆ ಡಿವಿಷನಲ್ (ಮೂಲದಿಂದ ಬೇರ್ಪಡಿಸಿದ ಅರ್ಜಿ) ಯೋಚಿಸಿ. 2023ರ ಸಿಂಜೆಂಟಾ ತೀರ್ಪಿನ ಪ್ರಕಾರ ಹಲವು ಆವಿಷ್ಕಾರಗಳು ಸ್ಪೆಸಿಫಿಕೇಷನ್ನಿನಲ್ಲಿ ಇದ್ದರೆ ಸಾಕು, ಮೂಲ ಕ್ಲೇಮಿನಲ್ಲೇ ಇರಬೇಕೆಂದಿಲ್ಲ. ಆದರೆ ಮೂಲ ಅರ್ಜಿ ಅನುದಾನ ಆಗುವ ಮುಂಚೆ ಹಾಕಬೇಕು.

ಎಫ್‌ಇಆರ್ ಬಂದು ಎರಡು ತಿಂಗಳು ಎಂದಿರಿ. 2024ರ ಮಾರ್ಚ್ 15ರಿಂದ ಜಾರಿಯಾದ ನಿಯಮದಂತೆ ವಿದೇಶಿ ಅರ್ಜಿಗಳ ಫಾರ್ಮ್ 3 ಎಫ್‌ಇಆರ್ ದಿನದಿಂದ ಮೂರು ತಿಂಗಳೊಳಗೆ. ಉತ್ತರಕ್ಕೆ ಆರು ತಿಂಗಳಿದೆ ಎಂದು ಅದನ್ನೂ ಜೊತೆಗೇ ಇಟ್ಟುಕೊಂಡು ಕೂತರೆ ತಪ್ಪುತ್ತದೆ. ಉತ್ತರಕ್ಕೆ ಫಾರ್ಮ್ 4 ಹಾಕಿ ಇನ್ನೂ ಮೂರು ತಿಂಗಳು ಪಡೆಯಬಹುದು, ಅರ್ಜಿ ಆರು ತಿಂಗಳು ಮುಗಿಯುವ ಮೊದಲೇ ಹೋಗಬೇಕು. ಅದೂ ದಾಟಿದರೆ ಕಲಂ 21 ಅಡಿ ಅರ್ಜಿ ಕೈಬಿಟ್ಟಂತೆ.

ಹೊರನಾಡು_ಫೈಲಿಂಗ್

ಶೀರ್ಷಿಕೆಯ ಬಗ್ಗೆ ಒಂದು ಮಾತು, ಚೀನಾ ಮೂಲ ಎಂದಿದ್ದರಿಂದ. ಚೀನೀ ಭಾಷೆಯ “ಜೀಫೇ” ಎಂಬ ಒಂದೇ ಪದ ಟೆಲಿಕಾಂನಲ್ಲಿ ಚಾರ್ಜಿಂಗ್‌ಗೂ ಬಿಲ್ಲಿಂಗ್‌ಗೂ ಬಳಕೆಯಾಗುತ್ತದೆ. ಅನುವಾದಕರು “ಬಿಲ್ಲಿಂಗ್” ಎಂದು ಬರೆದುಬಿಡುತ್ತಾರೆ. 3ಜಿಪಿಪಿ ಭಾಷೆಯಲ್ಲಿ ಚಾರ್ಜಿಂಗ್ ಎಂದರೆ ಜಾಲ ಬಳಕೆಯನ್ನು ದಾಖಲಿಸುವ ಕೆಲಸ, ಬಿಲ್ಲಿಂಗ್ ಎಂದರೆ ಗ್ರಾಹಕನ ಕೈಗೆ ಚೀಟಿ ಕೊಡುವ ಕೆಲಸ. ಅನುವಾದದ ಈ ಒಂದು ಪದ ಅರ್ಜಿಯನ್ನು ಜಿ06ಕ್ಯೂ 30/04 (ಬಿಲ್ಲಿಂಗ್‌ನ ಪೇಟೆಂಟ್ ವರ್ಗ) ಕಡೆಗೆ ಎಳೆಯುತ್ತದೆ. ಅದು ಸೇರಬೇಕಾದದ್ದು ಎಚ್04ಎಲ್ 12/14, ಎಚ್04ಎಂ 15/00 ಅಥವಾ ಎಚ್04ಡಬ್ಲ್ಯು 4/24 ವರ್ಗಕ್ಕೆ. ಮೂಲ ಪಠ್ಯ ಎದುರಿಗಿಟ್ಟು, ದೃಢೀಕರಿಸಿದ ಅನುವಾದದೊಂದಿಗೆ ತಿದ್ದುಪಡಿ ಕೇಳಿ. ಶೀರ್ಷಿಕೆ ಬದಲಿಸುವುದರಿಂದ ಕ್ಲೇಮಿನ ವ್ಯಾಪ್ತಿ ಹಿಗ್ಗುವುದಿಲ್ಲ.

ಹೊರಗಿನ ಎರಡು ತೀರ್ಪು ಈ ವಿಷಯಕ್ಕೆ ಹೇಳಿ ಮಾಡಿಸಿದಂತಿವೆ. ಯುರೋಪಿನ ಪೇಟೆಂಟ್ ಮೇಲ್ಮನವಿ ಮಂಡಳಿಯ ಟಿ 641/00, 2002ರದು, ಕಾಮ್‌ವಿಕ್ ಎಂದೇ ಪ್ರಸಿದ್ಧ. ಒಂದೇ ಸಿಮ್ಮಿನಲ್ಲಿ ಎರಡು ಗುರುತು ಇಟ್ಟು ಕಚೇರಿ ಕರೆ ಮತ್ತು ಸ್ವಂತ ಕರೆಯ ಖರ್ಚು ಬೇರ್ಪಡಿಸುವ ವಿಷಯ. ಖರ್ಚು ಹಂಚುವ ಉದ್ದೇಶ ತಾಂತ್ರಿಕವಲ್ಲ, ಹಾಗಾಗಿ ಅದನ್ನು ತಜ್ಞನಿಗೆ ಕೊಟ್ಟ ಬೇಡಿಕೆಯೆಂದೇ ಇಟ್ಟುಕೊಂಡು ಉಳಿದದ್ದನ್ನು ತೂಗಬೇಕು ಎಂದಿತು ಮಂಡಳಿ. ಪೇಟೆಂಟ್ ಉಳಿಯಲಿಲ್ಲ. ನಿಮ್ಮ ಕ್ಲೇಮನ್ನು ಹಾಗೇ ತೂಗಿ ನೋಡಿ: “ಸೆಷನ್‌ಗೆ ತಕ್ಕ ಶುಲ್ಕ ಬೇಕು” ಎಂಬ ಬೇಡಿಕೆ ಕೈಗೆ ಕೊಟ್ಟ ಮೇಲೂ ಎಂಜಿನಿಯರಿಗೆ ಹೊಳೆಯದ್ದು ಏನು ಉಳಿಯಿತು?

ಇನ್ನೊಂದು ಅಮೆರಿಕದ ಆಮ್‌ಡಾಕ್ಸ್ ವಿರುದ್ಧ ಓಪನೆಟ್, ಫೆಡರಲ್ ಸರ್ಕ್ಯೂಟ್, 2016. ಜಾಲದ ಲೆಕ್ಕದ ದಾಖಲೆಗಳನ್ನು ಕೇಂದ್ರಕ್ಕೆ ತಂದು ಜೋಡಿಸದೆ, ಮಾಹಿತಿಯ ಮೂಲಕ್ಕೆ ಹತ್ತಿರದಲ್ಲೇ ಹಂಚಿಕೊಂಡು ಜೋಡಿಸುವ ವ್ಯವಸ್ಥೆ. ಇಬ್ಬರು ನ್ಯಾಯಾಧೀಶರ ಬಹುಮತದಲ್ಲಿ ಉಳಿಯಿತು. ಎಡ್ಜ್ ಚಾರ್ಜಿಂಗ್‌ಗೆ ಇದಕ್ಕಿಂತ ಹತ್ತಿರದ ಹೋಲಿಕೆ ಸಿಗದು. ಆದರೆ ಅಲ್ಲಿ “ಹಂಚಿಕೊಂಡು” ಎಂಬ ಅರ್ಥವನ್ನು ಕೋರ್ಟ್ ಸ್ಪೆಸಿಫಿಕೇಷನ್ನಿನಿಂದ ತಂದುಕೊಂಡಿತು. ಇಲ್ಲಿ ಹಾಗೆ ಆಗಲಿ ಎಂದು ಕಾಯಬೇಡಿ, ಎಲ್ಲಿ ನಡೆಯುತ್ತದೆ ಎಂಬುದನ್ನು ಕ್ಲೇಮಿನಲ್ಲೇ ಬರೆಯಿರಿ. ಇವು ನಮ್ಮ ಕಂಟ್ರೋಲರನ್ನು ಕಟ್ಟಿಹಾಕುವುದಿಲ್ಲ, ಲಿಖಿತ ಉತ್ತರದಲ್ಲಿ ಒಂದು ಪ್ಯಾರಾಗಿಂತ ಹೆಚ್ಚು ಜಾಗ ಕೊಡಬೇಡಿ.

ಕರಡು_ಕ್ಲೇಮ್

ಎಲ್ಲರಿಗೂ ಧನ್ಯವಾದ. ಪ್ರಯಾರಿಟಿ ದಿನಾಂಕ ಟಿಎಸ್ 32.257ಕ್ಕಿಂತ ಹಿಂದಿನದು, ಟಿಆರ್ 28.815ರ ಕರಡುಗಳನ್ನು ಹುಡುಕುತ್ತಿದ್ದೇನೆ. “ಬಿಲ್ಲಿಂಗ್ ಕೇಂದ್ರವು ಚಾರ್ಜಿಂಗ್ ಫಂಕ್ಷನ್ ಆಗಿರಬಹುದು” ಎಂಬ ಸಾಲು ಸ್ಪೆಸಿಫಿಕೇಷನ್ನಿನಲ್ಲಿದೆ. ಹೊಸ ಕ್ಲೇಮ್ 1ರ ಕರಡು:

“ಮೊಬೈಲ್ ಜಾಲದ ಎಡ್ಜ್ ತಾಣದಲ್ಲಿ ಸೇವಾ ಬಳಕೆ ಅಳೆದು ಚಾರ್ಜಿಂಗ್ ಮಾಡುವ ವಿಧಾನ: ಎಡ್ಜ್ ಸರ್ವರ್ ಅಥವಾ ಕೇಂದ್ರ ಸರ್ವರ್, ಪಿಡಿಯು ಸೆಷನ್‌ನ ಚಾರ್ಜಿಂಗ್ ಐಡಿ ಮತ್ತು ನ್ಯಾಟ್‌ಗೆ ಮುಂಚಿನ ವಿಳಾಸ-ಪೋರ್ಟ್ ಜೋಡಿಯ ಹೊಂದಿಕೆಯನ್ನು ಎಸ್‌ಎಂಎಫ್‌ನಿಂದ ಪಡೆಯುವುದು, ಆ ಜೋಡಿಗೆ ಸೇರಿದ ಕೆಲಸಗಳು ಬಳಸಿದ ಪ್ರೊಸೆಸರ್ ಸಮಯವನ್ನು ಎಣಿಸಿ ಸದರಿ ಚಾರ್ಜಿಂಗ್ ಐಡಿಗೆ ಕಟ್ಟುವುದು, ಎಣಿಕೆಯು ಸ್ಥಳೀಯ ಕೋಟಾದ ನಿಗದಿತ ಶುಲ್ಕ ಮಿತಿಯನ್ನು ಮುಟ್ಟಿದಾಗ ಹಲವು ಸೆಷನ್‌ಗಳ ವರದಿಗಳನ್ನು ಒಟ್ಟುಗೂಡಿಸಿ ಬಿಲ್ಲಿಂಗ್ ಕೇಂದ್ರಕ್ಕೆ ಕಳಿಸುವುದು, ಸದರಿ ಬಿಲ್ಲಿಂಗ್ ಕೇಂದ್ರವು ಚಾರ್ಜಿಂಗ್ ಫಂಕ್ಷನ್ ಆಗಿದ್ದು, ವರದಿಯ ಆಧಾರದ ಮೇಲೆ ದರಪಟ್ಟಿಯಂತೆ ಶುಲ್ಕ ನಿರ್ಧರಿಸುವುದು.”

ಕಲಂ_59

ಮೈಕಟ್ಟು ಸರಿಯಾಗಿದೆ. ಮೂರು ಕಡೆ ಕೈ ಹಾಕಿ. “ಅಥವಾ ಕೇಂದ್ರ ಸರ್ವರ್” ತೆಗೆಯಿರಿ: ಮೂಲ ಕ್ಲೇಮಿನಲ್ಲಿ ಸಂಗ್ರಹಿಸುವುದು ಎಡ್ಜ್ ಸರ್ವರ್ ಮಾತ್ರ, ಆದ್ದರಿಂದ ಅದು 59ಕ್ಕೆ ತಾಗುತ್ತದೆ, ಜೊತೆಗೆ ನಿಮ್ಮ ವಿಳಂಬದ ವಾದವನ್ನೇ ಕೊಲ್ಲುತ್ತದೆ. “ಶುಲ್ಕ ಮಿತಿ” ಎಂದರೆ ರೂಪಾಯಿ, ಅಲ್ಲಿ “ಪ್ರೊಸೆಸರ್ ಸಮಯದ ಮಿತಿ” ಎಂದು ಮಿಲಿಸೆಕೆಂಡಿನ ಅಳತೆಗೆ ಕಟ್ಟಿ. ಕಳಿಸುವ ಹೆಜ್ಜೆಯಲ್ಲಿ ಯಾರು ಕಳಿಸುತ್ತಾರೆ ಎಂದಿಲ್ಲ, ಮೂಲದಂತೆ “ಎಡ್ಜ್ ಸರ್ವರ್” ಎಂದು ಹಾಕಿ. ಉತ್ತರದ ಜೊತೆ ತಿದ್ದುಪಡಿ ಗುರುತು ಮಾಡಿದ ಪ್ರತಿ ಒಂದು, ಶುದ್ಧ ಪ್ರತಿ ಒಂದು. ಪ್ರತಿ ಹೊಸ ಹೆಜ್ಜೆಗೂ ಸ್ಪೆಸಿಫಿಕೇಷನ್ನಿನ ಪುಟ ಮತ್ತು ಸಾಲಿನ ಸಂಖ್ಯೆ ಕೊಡಿ.

ಕೋರ್‌ನೆಟ್

“ನ್ಯಾಟ್‌ಗೆ ಮುಂಚಿನ ವಿಳಾಸ-ಪೋರ್ಟ್ ಜೋಡಿಯ ಹೊಂದಿಕೆಯನ್ನು ಎಸ್‌ಎಂಎಫ್‌ನಿಂದ ಪಡೆಯುವುದು” ಎಂಬಲ್ಲಿ ಎಡವಟ್ಟಿದೆ. ಎಸ್‌ಎಂಎಫ್ ಕೊಟ್ಟದ್ದು ಫೋನಿನ ಐಪಿ ವಿಳಾಸ. ಪೋರ್ಟ್ ಅದಕ್ಕೆ ಗೊತ್ತಿರುವುದಿಲ್ಲ, ಹರಿವು ಶುರುವಾದಾಗ ಕಾಣುವುದು ಯುಪಿಎಫ್‌ಗೆ. ವಿಳಾಸ ಮತ್ತು ಚಾರ್ಜಿಂಗ್ ಐಡಿಯ ಹೊಂದಿಕೆ ಎಸ್‌ಎಂಎಫ್‌ನಿಂದ, ಪೋರ್ಟ್ ಮತ್ತು ನ್ಯಾಟ್ ಆದ ವಿಳಾಸದ ಹೊಂದಿಕೆ ಅದೇ ತಾಣದ ಯುಪಿಎಫ್ ಅಥವಾ ನ್ಯಾಟ್ ಸಾಧನದಿಂದ ಎಂದು ಎರಡಾಗಿ ಒಡೆಯಿರಿ. ಸ್ಪೆಸಿಫಿಕೇಷನ್ನಿನ ಸಿಗ್ನಲಿಂಗ್ ಚಿತ್ರದಲ್ಲಿ ಆ ಎರಡನೇ ಬಾಣ ಇದೆಯೇ ಮೊದಲು ನೋಡಿ. ಇಲ್ಲವೆಂದರೆ ಪೋರ್ಟ್ ಬಿಟ್ಟು, ನ್ಯಾಟ್ ಇಲ್ಲದ ಸ್ಥಳೀಯ ಹರಿವಿಗೆ ಕ್ಲೇಮನ್ನು ಸೀಮಿತ ಮಾಡಬೇಕಾಗುತ್ತದೆ.